ಬೋರ್ಡೋದ ದ್ರಾಕ್ಷಾಸವ

ನಮ್ಮ ಯಜಮಾನರಿಗೆ ಓದುವ ಹುಚ್ಚು ಬಹಳ. ಕತೆ ಕಾದಂಬರಿ ಅಂದುಕೊಳ್ಳಬೇಡಿ, ಬಿಸ್ಕತ್ತಿನ ಪೊಟ್ಟಣದ ಹಿಂಭಾಗ. ತೊಂಬತ್ತರ ದಶಕದ ಕೊನೆಗೆ ನಾವು ಇಂಗ್ಲೆಂಡಿನ ವಾರಿಂಗ್ಟನ್‌ಗೆ ಬಂದು ಮನೆ ಹಿಡಿದಾಗಿನಿಂದ ಅವರು ವಾರವಿಡೀ ಬರ್ಚ್‌ವುಡ್‌ನ ಆಫೀಸಿನಲ್ಲಿ ಇಂಜಿನಿಯರು, ಶನಿವಾರ ಮಾತ್ರ ಸೂಪರ್‌ಮಾರ್ಕೆಟ್ಟಿನಲ್ಲಿ ಸಸ್ಯಾಹಾರದ ಇನ್‌ಸ್ಪೆಕ್ಟರು. ಕನ್ನಡಕ ಹಣೆಗೇರಿಸಿ, ಪೊಟ್ಟಣವನ್ನು ಮೂಗಿನ ಹತ್ತಿರ ಹಿಡಿದು ಸಣ್ಣ ಅಕ್ಷರ ಓದುತ್ತ ನಿಂತರೆ ನಾನು ಟ್ರಾಲಿಗೆ ಒರಗಿ ಒಂದು ನಿದ್ದೆ ತೆಗೆಯಬಹುದಿತ್ತು. ಮೊಸರಿನಲ್ಲಿ ಪ್ರಾಣಿಗಳ ಮೂಳೆಯ ಜೆಲಟಿನ್ ಇರುತ್ತದೆ, ಚೀಸು ಗಟ್ಟಿಯಾಗುವುದು ಕರುವಿನ ಹೊಟ್ಟೆಯ ರಸದಿಂದ ಎಂಬುದನ್ನೆಲ್ಲ ಮ್ಯಾಂಚೆಸ್ಟರ್ ಸುತ್ತಮುತ್ತಲ ಕನ್ನಡಿಗರಿಗೆ ಮೊದಲು ಸಾರಿದವರು ತಾವೇ ಎಂದು ಅವರ ನಂಬಿಕೆ. ಅದುವರೆಗೆ ಹಾಯಾಗಿ ಪಿಜ್ಜಾ ತಿನ್ನುತ್ತಿದ್ದ ಎಷ್ಟೋ ಸಂಸಾರಗಳ ನೆಮ್ಮದಿ ಕೆಡಿಸಿದ ಪುಣ್ಯವಂತೂ ಅವರದೇ. ಒಮ್ಮೆ ಸಾಲ್ಫರ್ಡ್‌ನಲ್ಲಿ ಯಾರದೋ ಮಗುವಿನ ಹುಟ್ಟುಹಬ್ಬಕ್ಕೆ ಹೋಗಿ, ಮಕ್ಕಳ ಕೈಯಿಂದ ಮಾರ್ಷ್‌ಮೆಲೋ ಮಿಠಾಯಿ ಕಿತ್ತುಕೊಂಡು, "ಇದರಲ್ಲಿ ಹಂದಿ ಇದೆ, ಗೊತ್ತಾ?" ಎಂದು ಭಾಷಣ ಬಿಗಿದರು. ಆಮೇಲೆ ಆ ಮನೆಯವರು ನಮ್ಮನ್ನು ಕರೆದದ್ದು ಕಡಿಮೆ.

ಮಾವ ತೀರಿಕೊಂಡು ವರ್ಷ ತುಂಬಿದ ಮೇಲೆ ಅತ್ತೆಯವರನ್ನು ಹುಬ್ಬಳ್ಳಿಯಿಂದ ನಮ್ಮ ಹತ್ತಿರ ಕರೆತರುವುದೆಂದಾಯಿತು. ಅವರು ಒಪ್ಪಿದ್ದು ಒಂದೇ ಷರತ್ತಿನ ಮೇಲೆ. ಮಾಂಸದ ಮಾತನ್ನು ಅವರು ಎತ್ತಲೇ ಇಲ್ಲ. ಮಗ ಅಷ್ಟು ಕೆಟ್ಟಿರಲಾರ ಎಂಬ ಭರವಸೆ. ಅವರ ಭಯವೆಲ್ಲ ತತ್ತಿಯದು, ಅಂದರೆ ಮೊಟ್ಟೆಯದು.

"ಅಲ್ಲಿ ಬ್ರೆಡ್ಡಿನಾಗೂ ತತ್ತಿ ಹಾಕ್ತಾರಂತ. ಕೊರಳಾಗ ಲಿಂಗ ಕಟಗೊಂಡು, ಇಷ್ಟು ವರ್ಷ ಮುಟ್ಟಲಾರದ್ದು, ನನಗ ಗೊತ್ತಿಲ್ಲದಂಗ ಬಾಯಿಗೆ ಹೋದ್ರ ಏನ ಮಾಡ್ಲಿ?" ಎಂದರು.

ಯಜಮಾನರು ಹುಬ್ಬಳ್ಳಿಯ ಮನೆಯ ಪಡಸಾಲೆಯಲ್ಲಿ, ಕೂಡಿದ್ದ ನೆಂಟರೆದುರಿಗೆ, ತಾಯಿಯ ಪಾದ ಮುಟ್ಟಿ ಆಣೆ ಮಾಡಿದರು. "ನಾ ಓದದ ಒಂದು ಪಾಕೀಟೂ ನಮ್ಮ ಮನಿಯೊಳಗ ಬರೂದಿಲ್ಲವ್ವಾ. ನಿನ್ನ ಬಾಯಿಗೆ ತತ್ತಿ ಹೋಗದಂಗ ನೋಡ್ಕೊಳ್ಳೋ ಜವಾಬ್ದಾರಿ ನಂದು." ತಾಯಿಯ ಎದುರು ಅವರ ಕನ್ನಡ ತಾನಾಗಿಯೇ ಹುಬ್ಬಳ್ಳಿಗೆ ಹೋಗುತ್ತದೆ, ತುಮಕೂರಿನವಳಾದ ನನ್ನ ಹತ್ತಿರ ಬೆಂಗಳೂರಿಗೆ ವಾಪಸು ಬರುತ್ತದೆ. ನೆಂಟರೆಲ್ಲ ಎಂಥ ಮಗ, ಎಂಥ ಮಗ ಎಂದು ತಲೆದೂಗಿದರು. ಅಡುಗೆಮನೆಯಲ್ಲಿ ದುಡಿಯುವ ಜವಾಬ್ದಾರಿ ಯಾರದು ಎಂದು ಯಾರೂ ಕೇಳಲಿಲ್ಲ.

ಅತ್ತೆಯವರ ಜೊತೆ ಸೂಟ್‌ಕೇಸಿನಲ್ಲಿ ವಿಭೂತಿಗಟ್ಟಿ ಬಂತು, ಶೇಂಗಾ ಚಟ್ನಿಪುಡಿ ಬಂತು, ಸೀರೆಗಳ ಮಡಿಕೆಯೊಳಗೆ ದ್ರಾಕ್ಷಾಸವದ ಬಾಟಲಿಗಳೂ ಬಂದವು. ಆಯುರ್ವೇದದ ಅಂಗಡಿಯಲ್ಲಿ ಸಿಗುವ, ದ್ರಾಕ್ಷಿ ಹುದುಗಿಸಿ ಮಾಡುವ ಔಷಧ ಅದು. ಊಟವಾದ ಮೇಲೆ ಒಂದು ಚಮಚ ಹೊಟ್ಟೆಗೆ ಬಿದ್ದರೆ ಜೀರ್ಣವೂ ಆಯಿತು, ನಿದ್ದೆಯೂ ಬಂತು. ನಿದ್ದೆ ಯಾಕೆ ಬರುತ್ತದೆ ಎಂದು ನಮ್ಮ ಕಡೆ ಯಾರೂ ಹೆಚ್ಚು ಯೋಚಿಸುವುದಿಲ್ಲ. ಬಾಟಲಿಯ ಮೇಲೆ ಗಡ್ಡದ ಋಷಿಯ ಚಿತ್ರವಿದ್ದರೆ ಒಳಗಿರುವುದು ಔಷಧವೇ. ಇಂಗ್ಲೆಂಡಿನ ಮೊದಲ ಚಳಿಗಾಲ ಮುಗಿಯುವ ಮುಂಚೆ ಬಾಟಲಿಗಳು ಮುಗಿದವು. ಊರಿನಿಂದ ಬರುವವರು ಸದ್ಯಕ್ಕೆ ಯಾರೂ ಇರಲಿಲ್ಲ. ಅತ್ತೆಯವರು ಹೊಟ್ಟೆಯುಬ್ಬರವೆಂದು ನರಳತೊಡಗಿದರು.

ಆ ಹೊತ್ತಿಗೆ ಯಜಮಾನರು ಆಫೀಸಿನ ವೈನ್ ಕ್ಲಬ್ಬಿಗೆ ಸೇರಿಯಾಗಿತ್ತು. ಬಡ್ತಿಯ ಮಾತೆಲ್ಲ ನಡೆಯುವುದು ಅಲ್ಲೇ ಎಂದು ಯಾರೋ ಕಿವಿಯೂದಿದ್ದರಂತೆ. ಬಡ್ತಿ ಬರಲಿಲ್ಲ, ಮೂಗು ಬಂತು. ವರ್ಷದಲ್ಲಿ ಮುಕ್ಕಾಲು ಪಾಲು ಸೈನಸ್ಸಿನಿಂದ ಕಟ್ಟಿಕೊಂಡೇ ಇರುವ ಮೂಗು. ಒಲೆಯ ಮೇಲೆ ಹಾಲು ಸೀದು ಕರಕಲಾದರೂ ಅದಕ್ಕೆ ಸುಳಿವು ಸಿಕ್ಕಿದ್ದಿಲ್ಲ. ಅಂಥ ಮೂಗನ್ನು ಗ್ಲಾಸಿನೊಳಗೆ ಇಳಿಬಿಟ್ಟು, ಕಣ್ಣು ಮುಚ್ಚಿ, "ಪೆನ್ಸಿಲ್ ಕೆತ್ತಿದ ವಾಸನೆ ಬರ್ತಿದೆ. ಹಿಂದುಗಡೆ ಹಳೇ ಚರ್ಮ. ಸ್ವಲ್ಪ ಒದ್ದೆ ಮಣ್ಣು" ಎನ್ನುತ್ತಿದ್ದರು. ನನ್ನ ಸಾರಿನಲ್ಲಿ ಇವುಗಳಲ್ಲಿ ಒಂದರ ವಾಸನೆ ಬಂದಿದ್ದರೂ ತಟ್ಟೆ ಬಿಟ್ಟು ಏಳುತ್ತಿದ್ದ ಮನುಷ್ಯ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ಮುನ್ನೂರು ವರ್ಷದಿಂದ ಒಂದೇ ಮನೆತನದ ಕೈಯಲ್ಲಿರುವ ವೈನ್ ಎಸ್ಟೇಟೊಂದರ ಮೇಲೆ ಅವರಿಗೆ ಭಕ್ತಿ ಹುಟ್ಟಿತ್ತು. ಬಾಟಲಿಯ ಮೇಲೆ ಆ ಮನೆತನದ ಕೋಟೆಯಂಥ ಬಂಗಲೆಯ ಚಿತ್ರ. ಅಲ್ಲಿ ಋಷಿ, ಇಲ್ಲಿ ಬಂಗಲೆ, ಅಷ್ಟೇ ವ್ಯತ್ಯಾಸ.

ಒಂದು ಸಂಜೆ ನಾನು ಸರ್ಜರಿಯಿಂದ ಬಂದೆ. ನಮ್ಮೂರಿನ ಜಿಪಿ ಸರ್ಜರಿಯಲ್ಲಿ, ಅಂದರೆ ಡಾಕ್ಟರ ಕ್ಲಿನಿಕ್ಕಿನಲ್ಲಿ, ನಾನು ರಿಸೆಪ್ಷನಿಸ್ಟ್. ಪಾಳಿಯ ಪ್ರಕಾರ ಕೆಲವು ಸಂಜೆ ತಡವಾಗುತ್ತಿತ್ತು. ಯಜಮಾನರು ಸಿಂಕಿನ ಹತ್ತಿರ ನಿಂತು ಆ ಬೋರ್ಡೋ ವೈನನ್ನು ದ್ರಾಕ್ಷಾಸವದ ಖಾಲಿ ಬಾಟಲಿಗೆ ಬಗ್ಗಿಸುತ್ತಿದ್ದರು. ಮೇಲೆ ಚೂರು ಬೆಲ್ಲ, ಒಂದು ಲವಂಗ.

"ಇದೇನ್ರೀ ಇದು? ಅತ್ತೆಗೆ ಹೇಳಿ ಕೊಡಿ."

"ಹೇಳಿದ್ರೆ ಕುಡೀತಾರಾ? ಅದರಲ್ಲೂ ದ್ರಾಕ್ಷಿ, ಇದರಲ್ಲೂ ದ್ರಾಕ್ಷಿ. ನಿಮ್ಮ ಡಾಕ್ಟರೇ ಹೇಳಿಲ್ವಾ, ರೆಡ್ ವೈನ್ ಹಾರ್ಟಿಗೆ ಒಳ್ಳೇದು ಅಂತ?"

ನಮ್ಮ ಡಾಕ್ಟರು ಹಾಗೆ ಹೇಳಿದ್ದು ನಿಜ. ಹೇಳಿದ್ದು ಕ್ರಿಸ್‌ಮಸ್ ಪಾರ್ಟಿಯಲ್ಲಿ, ಎರಡನೇ ಗ್ಲಾಸು ತುಂಬಿಸಿಕೊಳ್ಳುತ್ತ.

"ಲೇಬಲ್ ಓದಿದ್ರಾ?" ಎಂದೆ.

ಅವರು ನಕ್ಕೇಬಿಟ್ಟರು. "ಓದೋಕೇನಿದೆ? ದ್ರಾಕ್ಷಿಯೊಳಗೆ ಏನು ಮಾಂಸ ಇರುತ್ತೇನೇ? ಇದು ಪ್ಯೂರ್ ವೆಜ್. ಹಾಗಂತ ಅವ್ವನಿಗೆ ಸೂಪರ್‌ಮಾರ್ಕೆಟ್ಟಿನ ಅಗ್ಗದ್ದು ಕೊಡೋಕಾಗುತ್ತಾ? ಮುನ್ನೂರು ವರ್ಷದ ಎಸ್ಟೇಟು!"

ತಾಯಿಗೆ ಮೋಸ ಮಾಡುವುದಾದರೂ ಒಳ್ಳೆಯ ಸರಕಿನಿಂದಲೇ ಮಾಡಬೇಕೆಂಬ ಅವರ ದೊಡ್ಡ ಮನಸ್ಸಿಗೆ ನಾನು ಏನು ಹೇಳಲಿ. ಓದಿದ್ದರೂ ಪ್ರಯೋಜನವಿರಲಿಲ್ಲ ಅನ್ನಿ. ಆ ಕಾಲದ ವೈನಿನ ಬಾಟಲಿಯ ಮೇಲೆ ಒಳಗೇನು ಹಾಕಿದ್ದಾರೆ ಎಂದು ಯಾರೂ ಬರೆಯುತ್ತಿರಲಿಲ್ಲ. ಬಿಸ್ಕತ್ತು ತನ್ನ ಪಾಪವನ್ನೆಲ್ಲ ಒಪ್ಪಿಕೊಳ್ಳಬೇಕು, ವೈನಿಗೆ ಮಾತ್ರ ಮಾಫಿ.

ಅಂದಿನಿಂದ ರಾತ್ರಿ ಎಂಟು ಗಂಟೆಗೆ ಯಜಮಾನರು ಬಾಟಲಿ, ಚಮಚ ಹಿಡಿದು ಮಹಡಿಯ ಮೇಲಿನ ತಾಯಿಯ ಕೋಣೆಗೆ ಹೋಗುವುದು ರೂಢಿಯಾಯಿತು. ನಾನು ಕೊಟ್ಟರೆ ಗುಟ್ಟು ಒಡೆದೀತೆಂಬ ಭಯ, ಹಾಗಾಗಿ ಸ್ವತಃ. ಮೊದಲು ಅವರು ತಾಯಿಯ ಕೋಣೆಗೆ ಹೋಗುತ್ತಿದ್ದದ್ದು ಕೋಣೆ ಬೆಚ್ಚಗಿಡುವ ರೇಡಿಯೇಟರ್ ಸೋರಿದಾಗ ಮಾತ್ರ. ಎರಡು ನಿಮಿಷದಲ್ಲಿ ಮುಗಿಯಬೇಕಾದ ಕೆಲಸ ಮುಗಿಯುತ್ತಲೇ ಇರಲಿಲ್ಲ. ಅತ್ತೆಯವರು ಚಮಚ ಕೈಗೆ ತೆಗೆದುಕೊಂಡು, ಬಾಯಿಯ ಹತ್ತಿರದ ತನಕ ತಂದು, ಅಲ್ಲೇ ನಿಲ್ಲಿಸಿ ಮಾತು ಶುರು ಮಾಡುತ್ತಿದ್ದರು. ಹುಬ್ಬಳ್ಳಿಯಲ್ಲಿ ಯಾರು ತೀರಿಕೊಂಡರು, ಯಾರ ಸೊಸೆ ಬೇರೆ ಮನೆ ಮಾಡಿದಳು, ಮುಧೋಳದ ಕಡೆಯ ತಮ್ಮ ತವರಿನಲ್ಲಿ ಬೆಲ್ಲದ ಗಾಣ ನಡೆಯುವಾಗ ಊರೆಲ್ಲ ಹೇಗೆ ಘಮ ಎನ್ನುತ್ತಿತ್ತು. ಮಗ ಬಾಟಲಿಯ ಮುಚ್ಚಳ ಕೈಯಲ್ಲಿ ಹಿಡಿದು ಮಂಚದ ತುದಿಯಲ್ಲಿ ಕೂತು, "ಕುಡೀಯವ್ವಾ, ಕುಡೀ" ಎನ್ನುತ್ತಿದ್ದರು. ಚಮಚ ಮಾತ್ರ ಅಲ್ಲೇ. ಕೆಳಗೆ ಪಾತ್ರೆ ತೊಳೆಯುತ್ತ ನಾನು, ನಿನ್ನೆಯ ಚಮಚದ ಅಮಲು ಇವತ್ತು ಮಾತಾಡಿಸುತ್ತಿದೆ ಎಂದುಕೊಳ್ಳುತ್ತಿದ್ದೆ. ಹೊಟ್ಟೆಯುಬ್ಬರವಂತೂ ಮಾಯವಾಯಿತು.

ಹೀಗೆ ವರ್ಷ ಕಳೆಯಿತು. ಕ್ಲಬ್ಬಿನಲ್ಲಿ ಎಲ್ಲರೂ ಒಂದಲ್ಲ ಒಂದು ಎಸ್ಟೇಟಿಗೆ ಹೋಗಿ ಬಂದು ಫೋಟೋ ತೋರಿಸುತ್ತಿದ್ದರು, ಇವರೊಬ್ಬರೇ ಬಾಕಿ. ಫೆಬ್ರವರಿಯಲ್ಲಿ ಟಿಕೆಟ್ ಅಗ್ಗವೆಂದು ತಾವು ಪೂಜಿಸುವ ಎಸ್ಟೇಟಿಗೇ ಹೋಗುವುದೆಂದು ತೀರ್ಮಾನಿಸಿದರು. ಅತ್ತೆಯವರೊಬ್ಬರನ್ನೇ ಮನೆಯಲ್ಲಿ ಬಿಡುವ ಹಾಗಿಲ್ಲ, ಅವರೂ ಹೊರಟರು. ಮ್ಯಾಂಚೆಸ್ಟರಿನಿಂದ ಹೊರಟು ಪ್ಯಾರಿಸ್ಸಿನಲ್ಲಿ ವಿಮಾನ ಬದಲಿಸಿ ಬೋರ್ಡೋ ತಲುಪುವಷ್ಟರಲ್ಲಿ ನನ್ನ ಬ್ಯಾಗಿನಲ್ಲಿದ್ದ ಜೋಳದ ರೊಟ್ಟಿಯೆಲ್ಲ ನುಚ್ಚಾಗಿತ್ತು. ಅತ್ತೆಯವರಿಗೆ ಹೇಳಿದ್ದು, ದ್ರಾಕ್ಷಿ ತೋಟ ನೋಡುವುದಕ್ಕೆ ಎಂದು.

ತೋಟದಲ್ಲಿ ದ್ರಾಕ್ಷಿ ಇರಲಿಲ್ಲ, ಎಲೆಯೂ ಇರಲಿಲ್ಲ. ಮೊಣಕಾಲೆತ್ತರದ ಕರಿಯ ಮೋಟುಗಳು ಕಣ್ಣು ಹಾಯುವಷ್ಟು ದೂರ ಸಾಲುಗಟ್ಟಿ ಚಳಿಗೆ ನಡುಗುತ್ತಿದ್ದವು. ಅವುಗಳ ಆಚೆ ಬಾಟಲಿಯ ಮೇಲಿನ ಬಂಗಲೆ, ಎರಡು ಗೋಪುರ, ಸುತ್ತಲೂ ಕಂದಕ. ಯಜಮಾನರ ಕಣ್ಣಲ್ಲಿ ಭಕ್ತಿಯ ನೀರು ಬರುವುದೊಂದು ಬಾಕಿ.

"ವಿಜಾಪುರದಾಗ ನಮ್ಮ ಅಕ್ಕನ ಮನಿ ದ್ರಾಕ್ಷಿ ಹಂದರದ ಕೆಳಗ ಎತ್ತಿನ ಗಾಡಿ ಹೋಗ್ತಿತ್ತು. ಇವು ಬದನಿ ಗಿಡ ಇದ್ದಂಗ ಅದಾವಲ್ಲೋ ತಮ್ಮಾ! ಒಣಾ ಕಟಗಿ ನೋಡಾಕ ಇಷ್ಟು ದೂರ ಬಂದ್ವೇನು?" ಎಂದರು ಅತ್ತೆಯವರು, ಶಾಲಿನ ಮೇಲೆ ಶಾಲು ಹೊದ್ದುಕೊಂಡು.

ನಮ್ಮನ್ನು ಕರೆದೊಯ್ದು ತೋರಿಸಲು ಬಂದವಳು ಇಂಗ್ಲಿಷ್ ಬಲ್ಲ ಫ್ರೆಂಚ್ ಹುಡುಗಿ. ಕಲ್ಲಿನ ನೆಲಮಾಳಿಗೆಯ ಬಾಗಿಲು ತೆಗೆದಳು. ಒಳಗೆ ತಂಪು, ಅರೆಗತ್ತಲು, ಉದ್ದಕ್ಕೂ ಮಲಗಿಸಿದ ಮರದ ಪೀಪಾಯಿಗಳು. ವಾಸನೆ ಮುಖಕ್ಕೆ ಬಡಿಯಿತು. ಅತ್ತೆಯವರು ಹೊಸ್ತಿಲಲ್ಲೇ ನಿಂತರು.

"ನನ್ನ ಔಷಧದ ವಾಸನಿ ಐತಿ ಇದು" ಎಂದು ಮಗನ ಮುಖ ನೋಡಿದರು.

ಯಜಮಾನರು ಒಂದು ಗಳಿಗೆ ತಬ್ಬಿಬ್ಬಾದರು. ಆಮೇಲೆ, ಇಂಜಿನಿಯರಲ್ಲವೇ, ದಾರಿ ಕಂಡುಕೊಂಡರು. "ಹೌದವ್ವಾ. ನಿನ್ನ ಔಷಧ ಇಲ್ಲೇ ಮಾಡೋದು. ಊರಿಂದ ತರೋದು ತ್ರಾಸ ಆಗ್ತದಂತ ಇಲ್ಲೀದು ತರಿಸ್ತೀನಿ." ಒಂದು ವರ್ಷದ ಗುಟ್ಟು ಇಷ್ಟು ಸಲೀಸಾಗಿ ಕಳೆಯಿತಲ್ಲ ಎಂದು ಅವರ ಮುಖ ಅರಳಿತು. ಅತ್ತೆಯವರೂ ಗುಡಿಗೆ ಬಂದವರ ಹಾಗೆ ಸೆರಗು ಹೊದ್ದು ಒಳಗೆ ನಡೆದರು. ಪೀಪಾಯಿಯಿಂದ ಆವಿಯಾಗಿ ಹೋಗುವ ವೈನನ್ನು ತಮ್ಮ ಕಡೆ ದೇವದೂತರ ಪಾಲು ಅನ್ನುತ್ತಾರೆ ಎಂದು ಹುಡುಗಿ ಹೇಳಿದಳು. ಮಗ ಅದನ್ನು ಕನ್ನಡಕ್ಕೆ ತಂದರು.

"ಮೊದಲ ನೈವೇದ್ಯ, ಆಮ್ಯಾಲ ಮಾರಾಟ. ಶಾಣ್ಯಾ ಮಂದಿ" ಎಂದು ಅತ್ತೆಯವರು ಹತ್ತಿರದ ಪೀಪಾಯಿಗೆ ಕೈಮುಗಿದರು. ಹುಡುಗಿಗೆ ಅದು ಎಷ್ಟು ಹಿಡಿಸಿತೆಂದರೆ, ಸಾಮಾನ್ಯವಾಗಿ ಯಾರಿಗೂ ತೋರಿಸದ ಒಂದು ಕೆಲಸ ಇವತ್ತೇ ನಡೆಯುತ್ತಿದೆ, ನೋಡಿಕೊಂಡು ಹೋಗಿ ಎಂದು ನಮ್ಮನ್ನು ನೆಲಮಾಳಿಗೆಯ ತುದಿಗೆ ಕರೆದುಕೊಂಡು ಹೋದಳು.

ಅಲ್ಲಿ ಏಪ್ರನ್ ಕಟ್ಟಿದ ಒಬ್ಬ ಗಂಡಸು ಮೊಟ್ಟೆ ಒಡೆಯುತ್ತಿದ್ದ. ಒಂದೆರಡಲ್ಲ, ಟ್ರೇಗಟ್ಟಲೆ ಮೊಟ್ಟೆ. ಹಳದಿಯನ್ನು ಒಂದು ಬೋಗುಣಿಗೆ ಜಾರಿಸುತ್ತಿದ್ದ, ಬಿಳಿಯನ್ನು ಮರದ ಬಟ್ಟಲಿಗೆ ಬಿಟ್ಟು ಕಡ್ಡಿಯಿಂದ ಹಗುರಾಗಿ ಕಡೆಯುತ್ತಿದ್ದ. ಹುಡುಗಿ ಹೆಮ್ಮೆಯಿಂದ ವಿವರಿಸಿದಳು. ಹೊಸ ವೈನು ಕದಡಿರುತ್ತದೆ, ನಾಲಿಗೆಗೆ ಒರಟು. ಮೊಟ್ಟೆಯ ಬಿಳಿಯನ್ನು ಪೀಪಾಯಿಗೆ ಹಾಕಿದರೆ ಅದು ಕಸವನ್ನೆಲ್ಲ ಹಿಡಿದುಕೊಂಡು ತಳಕ್ಕೆ ಇಳಿಯುತ್ತದೆ, ಮೇಲಿನ ತಿಳಿಯನ್ನು ಬಸಿದುಕೊಳ್ಳುತ್ತೇವೆ. ಮೊಟ್ಟೆಯ ಪುಡಿಗಿಡಿ ನಾವು ಮುಟ್ಟುವುದಿಲ್ಲ, ಹಿರಿಯರ ಕಾಲದಿಂದಲೂ ತಾಜಾ ಮೊಟ್ಟೆಯೇ.

ನಾನು ಯಜಮಾನರ ಮುಖ ನೋಡಿದೆ. ಸಾಲ್ಫರ್ಡ್‌ನಲ್ಲಿ ಮಾರ್ಷ್‌ಮೆಲೋ ಕಳೆದುಕೊಂಡ ಮಕ್ಕಳು ಆ ಹೊತ್ತು ಅಲ್ಲಿರಬೇಕಿತ್ತು ಅನ್ನಿಸಿತು.

"ಏನ ಅನ್ನಾಕತ್ತಾಳೋ ಆಕಿ?" ಎಂದರು ಅತ್ತೆಯವರು. ಅವರ ಕೈ ಆಗಲೇ ಸೆರಗಿನೊಳಗೆ ಲಿಂಗ ಹಿಡಿದಿತ್ತು.

"ಕೇಕ್ ಮಾಡಾಕತ್ತಾರಂತವ್ವಾ. ಬಂದವರಿಗೆ ಕೊಡಾಕ."

ಪೂರ್ತಿ ಸುಳ್ಳೂ ಅಲ್ಲ. ಉಳಿದ ಹಳದಿ ಪಕ್ಕದೂರಿನ ಬೇಕರಿಗೆ ಹೋಗಿ ಸಣ್ಣ ಕೇಕುಗಳಾಗುತ್ತದೆ ಎಂದು ಹುಡುಗಿ ಆಗಷ್ಟೇ ಹೇಳಿದ್ದಳು. ಬೇಕಾದ ಸಾಲನ್ನಷ್ಟೇ ಓದುವುದನ್ನು ಯಜಮಾನರು ಯಾವಾಗ ಕಲಿತರೋ. ಆದರೆ ಏಪ್ರನ್ನಿನವನಿಗೆ ಇವರ ಕಷ್ಟ ಗೊತ್ತಿರಲಿಲ್ಲ. ಅವನು ಪೀಪಾಯಿಯ ಬಿರಡೆ ಕಿತ್ತು, ಬಟ್ಟಲಿನ ಬಿಳಿಯನ್ನೆಲ್ಲ ಒಳಗೆ ಸುರಿದು, ಉದ್ದನೆಯ ಕೋಲು ಇಳಿಸಿ ತಿರುವತೊಡಗಿದ.

"ಪೀಪಾಯಿಯೊಳಗ ಯಾರ ಕೇಕ್ ಮಾಡ್ತಾರೋ?" ಎಂದರು ಅತ್ತೆಯವರು.

ಅತ್ತೆಯವರು ಕೋಲು ತಿರುಗುವುದನ್ನು ನೋಡುತ್ತ ನಿಂತರು. "ನಮ್ಮ ಗಾಣದಾಗ ಕುದಿಯೋ ಕಬ್ಬಿನ ಹಾಲಿಗೆ ಬೆಂಡಿ ಗಿಡದ ಲೋಳಿ ಹಾಕ್ತಿದ್ವಿ. ರಾಡಿ ತಗದು ಬೆಲ್ಲ ಸ್ವಚ್ಛ ಆಗಲಂತ. ಇವರು ತತ್ತಿ ಹಾಕ್ತಾರ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಆಮೇಲೆ ಮಗನ ಕಡೆ ತಿರುಗಿ, "ಆಕಿನ್ನ ಕೇಳು. ನನ್ನ ಔಷಧಕ್ಕೂ ಹಿಂಗ ಹಾಕ್ತಾರೇನು?" ಎಂದರು.

ಅವರು ಕೇಳಿದರು. ಅಷ್ಟು ಮರ್ಯಾದೆ ಅವರಿಗೆ ಸಲ್ಲಬೇಕು. ಕೇಳಿದ ಹಾಗೆ ನಟಿಸಬಹುದಿತ್ತು. ಹುಡುಗಿ ನಗುನಗುತ್ತ, ಖಂಡಿತ, ಈ ಗೇಟಿನಿಂದ ಹೊರಗೆ ಹೋಗುವ ಕೆಂಪು ವೈನಿನ ಪ್ರತಿಯೊಂದು ಬಾಟಲಿಗೂ ಇದೇ ಆರೈಕೆ ಎಂದಳು. ಯಜಮಾನರು ತಾಯಿಯ ಕಡೆ ತಿರುಗಿದರು. ಬಾಯಿ ತೆರೆಯಿತು, ಮಾತು ಹೊರಡಲಿಲ್ಲ. ಹುಬ್ಬಳ್ಳಿಯದೂ ಹೊರಡಲಿಲ್ಲ, ಬೆಂಗಳೂರಿನದೂ ಹೊರಡಲಿಲ್ಲ.

"ಹೇಳಬ್ಯಾಡ ಬಿಡು. ತಿಳೀತು" ಎಂದು ಅತ್ತೆಯವರು ಹೊರಗೆ ನಡೆದರು.

ರುಚಿ ನೋಡುವ ಕೋಣೆಯಲ್ಲಿ ಯಜಮಾನರ ಮುಂದೆ ಗ್ಲಾಸು ಬಂತು. ಒಂದು ವರ್ಷದಿಂದ ಕನಸು ಕಂಡಿದ್ದ ಗ್ಲಾಸು. ಕಿಟಕಿಯಾಚೆ, ಎಲೆಯಿಲ್ಲದ ಮರದ ಕೆಳಗೆ, ಕಲ್ಲುಬೆಂಚಿನ ಮೇಲೆ ಅತ್ತೆಯವರು ನಮಗೆ ಬೆನ್ನು ಮಾಡಿ ಕೂತಿದ್ದರು. "ಪೆನ್ಸಿಲ್ ವಾಸನೆ ಬರ್ತಿದೆಯೇನ್ರೀ?" ಎಂದೆ. ಅವರು ಗ್ಲಾಸನ್ನು ಮೂಗಿನ ಹತ್ತಿರವೂ ಒಯ್ಯದೆ ಮೇಜಿನ ಮೇಲಿಟ್ಟರು. ಆಗ ಮಾತ್ರ ನನಗೆ ಪಾಪ ಅನ್ನಿಸಿತು, ಇಬ್ಬರ ಬಗ್ಗೆಯೂ.

ಮನೆಗೆ ಬಂದವರೇ ಅತ್ತೆಯವರು ತಲೆಗೆ ನೀರು ಹಾಕಿಕೊಂಡು, ಮಾರನೆಯ ದಿನವೆಲ್ಲ ಉಪವಾಸವಿದ್ದು, ಎಂದಿಗಿಂತ ಹೆಚ್ಚು ಹೊತ್ತು ಪೂಜೆ ಮಾಡಿದರು. ಎದ್ದು ಬಂದು ನನ್ನ ಹತ್ತಿರ, "ಶಿವಗ ಎಲ್ಲಾ ಹೇಳೀನಿ. ಕುಡದಾಕಿ ನಾನು, ಕುಡಿಸಿದಾಂವ ಅವನು. ಯಾರನ್ನ ಹಿಡೀಬೇಕು ಅಂತ ಶಿವಗ ಗೊತ್ತಾಗ್ತದ" ಎಂದು ರೊಟ್ಟಿಗೆ ಹಿಟ್ಟು ಕಲಸಲು ಕೂತರು. ಔಷಧ ಇನ್ನು ಬೇಡ, ಯಾವುದೂ ಬೇಡ ಎಂದರು.

ಯಜಮಾನರು ದ್ರಾಕ್ಷಾಸವದ ಬಾಟಲಿಯಲ್ಲಿ ಉಳಿದಿದ್ದ ವೈನನ್ನು ಸಿಂಕಿಗೆ ಸುರಿದರು. ಕ್ಲಬ್ಬಿಗೆ ಹೋಗುವುದನ್ನು ಬಿಟ್ಟರು. ಶನಿವಾರ ಸೂಪರ್‌ಮಾರ್ಕೆಟ್ಟಿನಲ್ಲಿ ಪೊಟ್ಟಣಗಳನ್ನು ತಿರುಗಿಸಿ ನೋಡದೆ ಟ್ರಾಲಿಗೆ ಹಾಕತೊಡಗಿದರು. ನನಗೆ ನಿದ್ದೆಗೆ ಸಮಯವೇ ಸಿಗದಂತಾಯಿತು. ಮುಖ್ಯವಾಗಿ, ಎಂಟು ಗಂಟೆಗೆ ಮಹಡಿ ಹತ್ತುವುದು ನಿಂತಿತು. ತಾಯಿ ಕೆಳಗಿಳಿದರೆ ಇವರಿಗೆ ಗರಾಜಿನಲ್ಲಿ ಕೆಲಸ ನೆನಪಾಗುತ್ತಿತ್ತು. ಆಣೆ ಮಾಡಿದ ಕೈಯಿಂದಲೇ ಒಂದು ವರ್ಷ ಮೊಟ್ಟೆ ಉಣಿಸಿದವನು ಯಾವ ಮುಖ ಹೊತ್ತು ಎದುರು ನಿಲ್ಲಲಿ ಎಂದು ಒಮ್ಮೆ ನನ್ನ ಹತ್ತಿರ ಅಂದರು. ಕ್ಷಮೆ ಕೇಳಿ ಎಂದೆ. ಅದಕ್ಕೂ ಗರಾಜಿಗೇ ಹೋದರು. ಮನೆ ಬಿಕೋ ಎನ್ನುತ್ತಿತ್ತು. ಹುಬ್ಬಳ್ಳಿಯಲ್ಲಿ ಯಾರು ತೀರಿಕೊಂಡರೆಂದು ನಮಗೆ ಯಾರಿಗೂ ತಿಳಿಯದಂತಾಯಿತು.

ಕೆಲವು ದಿನ ಹೀಗೇ ಕಳೆದವು. ಒಂದು ಸಂಜೆ ಯಜಮಾನರು ಲ್ಯಾಪ್‌ಟಾಪಿನ ಮುಂದೆ ಕೂತಿದ್ದರು. ಮಹಡಿಯಿಂದ ದನಿ ಬಂತು.

"ತಮ್ಮಾ, ಎಂಟಾತು. ಎಲ್ಲಿ ಅದೀಯೋ?"

ಅವರು ಎದ್ದು ಮೆಟ್ಟಿಲ ಬುಡ ಹಿಡಿದು ನಿಂತರು. "ನೀ ಔಷಧ ಬಿಟ್ಟೀಯಲ್ಲವ್ವಾ."

"ಔಷಧ ಬಿಟ್ಟೇನಿ. ನೀ ಬರೂದು ಬಿಡು ಅಂತ ನಾ ಯಾವಾಗ ಅಂದೆ?"

ಇವರು ತಲೆ ತಗ್ಗಿಸಿದರು. ಮೇಲೆ ಮಂಚ ಕಿರ್ರೆಂದಿತು, ಅತ್ತೆಯವರು ಬಾಗಿಲ ತನಕ ಬಂದರೆಂದು ಕಾಣುತ್ತದೆ. ದನಿ ಹತ್ತಿರವಾಯಿತು.

"ದ್ರಾಕ್ಷಾಸವ ಸಿಹಿ ಇರ್ತದ, ನೀ ಕೊಟ್ಟದ್ದು ಒಗರು. ಮೊದಲನೇ ದಿನಾನ ತಿಳೀತು ನನಗ. ಮಗ ಬಂದು ಹತ್ತರ ಕುಂಡ್ರತಾನಂತ ಕುಡಿದೆ. ತತ್ತಿದೊಂದು ಗೊತ್ತಿರಲಿಲ್ಲ."

ಯಜಮಾನರು ಅಡುಗೆಮನೆಗೆ ಬಂದರು. ನನ್ನ ಕಡೆ ನೋಡಲಿಲ್ಲ. ಕೆಟಲಿನಲ್ಲಿದ್ದ ಬಿಸಿನೀರನ್ನು ಸ್ಟೀಲಿನ ಲೋಟಕ್ಕೆ ಬಗ್ಗಿಸಿ, ಅದೇ ಚಮಚ ಹುಡುಕಿ ತೆಗೆದುಕೊಂಡು, ಮೆಟ್ಟಿಲು ಹತ್ತಿದರು. ಮೇಲೆ ಮಾತು ಶುರುವಾಯಿತು. ಯಾರದೋ ಸೊಸೆಯ ವಿಷಯ, ಆಮೇಲೆ ಯಾರದೋ ಸಾವು, ಆಮೇಲೆ ಮುಧೋಳದ ಗಾಣ. ನಾನು ಪಾತ್ರೆಯೆಲ್ಲ ತೊಳೆದು, ಒಲೆ ಒರೆಸಿ, ದೀಪ ಆರಿಸಿ ಮೇಲೆ ಹೋಗುವಾಗ ಬಾಗಿಲ ಸಂದಿಯಿಂದ ಇಣುಕಿದೆ. ಲೋಟದ ನೀರು ಆರಿ ತಣ್ಣಗಾಗಿತ್ತು. ಮಗ ಮಂಚದ ಮೇಲೆ ಕಾಲು ಮಡಿಸಿ ಕೂತಿದ್ದರು. ಅತ್ತೆಯವರ ಕೈಯಲ್ಲಿ ಚಮಚ ಇನ್ನೂ ಬಾಯಿಯ ಹತ್ತಿರವೇ ಇತ್ತು.